ಮಳವಳ್ಳಿಯ ಟ್ರಂಕು, ಮದ್ದೂರಿನ ರೈಲು

ಮಳವಳ್ಳಿಗೆ ರೈಲಿಲ್ಲ. ನಮ್ಮ ಕಡೆಯ ಲಗೇಜಿನ ತಾಪತ್ರಯವೆಲ್ಲ ಈ ಒಂದು ಮಾತಿನಿಂದಲೇ ಶುರುವಾಗುತ್ತದೆ. ಇದೇ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹೋಯಿತು. ತಂತಿ ಅಷ್ಟು ದೂರ ಹೋಯಿತು, ಹಳಿ ಮಾತ್ರ ಇಲ್ಲಿಗೆ ಬರಲಿಲ್ಲ. ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲದ ಮೇಲೆ ಚಾಮರಾಜನಗರಕ್ಕೆ ರೈಲುಮಾರ್ಗ ಎಂದು 1996–97ರಲ್ಲಿ ಮಂಜೂರಾದದ್ದು ಇನ್ನೂ ಕಾಗದದ ಮೇಲೆಯೇ ಓಡುತ್ತಿದೆ. ಹಾಗಾಗಿ ಮಳವಳ್ಳಿ ಸೀಮೆಯ ಹುಡುಗ ಹುಡುಗಿಯರು ಓದಲು ಹೊರಟರೆ ಮೊದಲು ಬಸ್ಸು, ಆಮೇಲೆ ಮದ್ದೂರಿನಲ್ಲೋ ಮಂಡ್ಯದಲ್ಲೋ ರೈಲು, ಕೊನೆಗೊಂದು ಆಟೋ. ಪೆಟ್ಟಿಗೆಯನ್ನು ಮೂರು ಸಲ ಹತ್ತಿಸಬೇಕು, ಮೂರು ಸಲ ಇಳಿಸಬೇಕು. ಬರಿಗೈಯಲ್ಲಿ ಹೋಗುವವನಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ.

ನನ್ನ ಟ್ರಂಕಿನ ಕತೆ 1986ರದ್ದು. ಎಸ್ಸೆಸ್ಸೆಲ್ಸಿ ಪಾಸಾಗಿ ಮಂಡ್ಯದ ಕಾಲೇಜೊಂದರಲ್ಲಿ ಪಿಯುಸಿಗೆ ಸೇರಲು ಅಪ್ಪನ ಜೊತೆ ಹೊರಟಿದ್ದೆ. ಮಳವಳ್ಳಿಯಿಂದ ಮಂಡ್ಯಕ್ಕೆ ನೇರ ಬಸ್ಸಿತ್ತು. ಆದರೆ ಮಗನಿಗೆ ಒಂದು ಸಲ ರೈಲು ತೋರಿಸಬೇಕು ಎಂಬುದು ಅಪ್ಪನ ಆಸೆ. ಮದ್ದೂರಿನಲ್ಲಿ ಇಳಿದು ರೈಲು ಹತ್ತುವುದೆಂದು ತೀರ್ಮಾನವಾಯಿತು. ನಮ್ಮ ಬಳಿ ಇದ್ದದ್ದು ಮೂರು: ಹಸಿರು ಬಣ್ಣದ ತಗಡಿನ ಟ್ರಂಕು, ರಾಗಿ ಹಿಟ್ಟಿನ ಚೀಲ, ಹಗ್ಗದಲ್ಲಿ ಸುತ್ತಿ ಕಟ್ಟಿದ ಹಾಸಿಗೆ. ಟ್ರಂಕಿನ ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನನ್ನ ಹೆಸರು, ಅದರ ಕೆಳಗೆ ‘ಮಳವಳ್ಳಿ ತಾಲ್ಲೂಕು’ ಎಂದು ಬರೆಸಿದ್ದರು. ಮಾರ್ಕ್ಸ್ ಕಾರ್ಡು, ಟಿ.ಸಿ. ಎಲ್ಲವೂ ಆ ಟ್ರಂಕಿನ ತಳದಲ್ಲಿ, ಅಂಗಿಗಳ ಮಡಿಕೆಯ ಕೆಳಗೆ, ಭದ್ರವಾಗಿ ಇದ್ದವು. ಭದ್ರ ಎಂದು ನಾವು ತಿಳಿದಿದ್ದೆವು.

ನಾವು ಹತ್ತಿದ್ದು ಮದ್ದೂರಿನ ಮೇಲೆ ಹುಲಿಯೂರುದುರ್ಗದ ಕಡೆ ಹೋಗುವ ಖಾಸಗಿ ಬಸ್ಸು. ಟ್ರಂಕು ಏಣಿ ಹತ್ತಿ ಬಸ್ಸಿನ ಟಾಪಿಗೆ ಹೋಯಿತು. ಕೆ.ಎಂ. ದೊಡ್ಡಿ ದಾಟುವಷ್ಟರಲ್ಲಿ ಕಬ್ಬಿನ ಗಾಡಿಗಳ ಸಾಲು ಸಿಕ್ಕಿ ಬಸ್ಸು ತಡವಾಯಿತು. ಮದ್ದೂರಿನಲ್ಲಿ ಇಳಿಯುವಾಗ ರೈಲು ತಪ್ಪೀತೆಂಬ ಆತುರ. ಅಪ್ಪ ರಾಗಿ ಚೀಲ ಹೆಗಲಿಗೇರಿಸಿದರು, ನಾನು ಹಾಸಿಗೆ ಹಿಡಿದೆ. ಕ್ಲೀನರ್ ಹುಡುಗ ‘ರೈಟ್’ ಎಂದ. ಬಸ್ಸು ತಿರುವಿನಲ್ಲಿ ಮರೆಯಾಗುವಾಗ ಟಾಪಿನ ಮೇಲೆ ಹಸಿರು ಬಣ್ಣ ಕಂಡಿತು. ಅದು ನನ್ನ ಕಣ್ಣಿನಲ್ಲಿ ಇವತ್ತಿಗೂ ಇದೆ.

‘ಅಪ್ಪಾ, ಟ್ರಂಕು’ ಅಂದೆ. ಅಪ್ಪ ಮಾತನಾಡಲಿಲ್ಲ. ಚೀಲ ಕೆಳಗಿಟ್ಟರು. ಅಲ್ಲೇ ನಿಂತಿದ್ದ ಜಟಕಾದವನೊಬ್ಬ, ‘ಒಂಟೋಯ್ತಲ್ಲಣ್ಣಾ, ಇನ್ನು ಅದ ಇಡಿಯಾಕಾಗಕಿಲ್ಲ. ಇಂದ್ಗಡೆ ಬಸ್ಸಲ್ಲಿ ಓಗಿ, ದುರ್ಗದಲ್ಲಿ ಇಳಿಸಿರ್ತಾರೆ’ ಎಂದ. ನನ್ನನ್ನು ಚೀಲದ ಮೇಲೆ ಕೂರಿಸಿ, ‘ಎಲ್ಲೂ ಎದ್ದು ಹೋಗಬ್ಯಾಡ ಮಗ’ ಎಂದು ಹೇಳಿ ಅಪ್ಪ ಮುಂದಿನ ಬಸ್ಸು ಹತ್ತಿದರು. ಹುಲಿಯೂರುದುರ್ಗದ ಚಹಾದಂಗಡಿಯ ಮುಂದೆ ಟ್ರಂಕು ಸಿಕ್ಕಿತು. ಮುಚ್ಚಳದ ಮೇಲಿನ ಬರಹ ನೋಡಿ ಅಂಗಡಿಯವರು ಕಾಯ್ದಿಟ್ಟಿದ್ದರಂತೆ. ಒಂದು ಸಾಮಾನೂ ಹೋಗಿರಲಿಲ್ಲ. ಆದರೆ ಅಪ್ಪ ಮದ್ದೂರಿಗೆ ಮರಳಿದಾಗ ದೀಪ ಹಚ್ಚುವ ಹೊತ್ತಾಗಿತ್ತು. ಕಾಲೇಜಿನಲ್ಲಿ ವಿಜ್ಞಾನ ವಿಭಾಗಕ್ಕೆ ಸೇರಲು ಅಂದೇ ಕೊನೆಯ ದಿನ. ಮಾರನೆಯ ದಿನ ಹೋದರೆ ಸೀಟು ಮುಗಿದಿತ್ತು. ನಾನು ವಾಣಿಜ್ಯಕ್ಕೆ ಸೇರಿದೆ, ಲೆಕ್ಕಪತ್ರ ಬರೆಯುವವನಾದೆ. ಬದುಕು ಕೆಟ್ಟಿತೆಂದು ಹೇಳಲಾರೆ. ಆದರೆ ಅಪ್ಪ ಆ ದಿನದ ಮಾತನ್ನು ಮತ್ತೆ ಎತ್ತಲಿಲ್ಲ. ಎಲ್ಲಿಗೇ ಹೊರಟರೂ ಬಸ್ಸಿನಿಂದ ಇಳಿದ ಕೂಡಲೇ ‘ಒಂದು, ಎರಡು, ಮೂರು’ ಎಂದು ಗಟ್ಟಿಯಾಗಿ ಗಂಟು ಎಣಿಸುವುದನ್ನು ಮಾತ್ರ ಕೊನೆಯವರೆಗೂ ಬಿಡಲಿಲ್ಲ.

ಇಷ್ಟನ್ನು ಹೇಳಿದ್ದು ಅನುಕಂಪಕ್ಕಲ್ಲ. ಪ್ರತಿ ವರ್ಷ ಕಾಲೇಜು ಶುರುವಾಗುವ ಕಾಲಕ್ಕೆ ಬಸ್ ನಿಲ್ದಾಣದಲ್ಲಿ ನಿಂತು ನೋಡಿದರೆ ಮೂಲ ದಾಖಲೆಗಳನ್ನು ದೊಡ್ಡ ಪೆಟ್ಟಿಗೆಯ ತಳದಲ್ಲಿಟ್ಟು ಹೊರಟ ಒಂದು ಸಂಸಾರವಾದರೂ ಕಾಣುತ್ತದೆ. ದಾಖಲೆ ಹೆಗಲ ಚೀಲದಲ್ಲಿರಲಿ, ಆ ಚೀಲ ಮಗುವಿನ ಮೈಮೇಲೆ ಇರಲಿ. ಪೆಟ್ಟಿಗೆ ಹೋದರೆ ಬಟ್ಟೆ ಹೋಯಿತು, ಅಷ್ಟೆ.

ಆ ಕಾಲಕ್ಕೂ ಈಗಿಗೂ ದಾರಿ ಬಹಳ ಬದಲಾಗಿದೆ. ಬೆಂಗಳೂರು–ಮೈಸೂರು ರೈಲು ಮಾರ್ಗ ಪೂರ್ತಿಯಾದದ್ದು 1880ರ ದಶಕದ ಆರಂಭದಲ್ಲಿ. ನೂರು ವರ್ಷಕ್ಕೂ ಮೇಲ್ಪಟ್ಟು ಮೀಟರ್ ಗೇಜಿನಲ್ಲಿ ಓಡಿದ ಈ ದಾರಿ 1990ರ ದಶಕದಲ್ಲಿ ಬ್ರಾಡ್ ಗೇಜಾಯಿತು, ಆಮೇಲೆ ಜೋಡಿಹಳಿ ಬಂತು, ವಿದ್ಯುತ್ತೂ ಬಂತು. ನಾವು ಟಿಪ್ಪು ಎಕ್ಸ್‌ಪ್ರೆಸ್ ಎಂದು ಕರೆಯುತ್ತಿದ್ದ ಗಾಡಿಗೆ 2022ರಿಂದ ಒಡೆಯರ್ ಎಕ್ಸ್‌ಪ್ರೆಸ್ ಎಂದು ಹೆಸರು. ಜೋಡಿಹಳಿಯಿಂದ ಅನುಕೂಲವಾಯಿತು, ನಿಜ. ಆದರೆ ಹೋಗುವ ಗಾಡಿ ಒಂದು ಪ್ಲಾಟ್‌ಫಾರಂ, ಬರುವ ಗಾಡಿ ಇನ್ನೊಂದು ಪ್ಲಾಟ್‌ಫಾರಂ ಎಂದಾದಾಗ ಪೆಟ್ಟಿಗೆ ಹೊತ್ತು ಮೇಲುಸೇತುವೆ ಹತ್ತಿ ಇಳಿಯುವ ಕೆಲಸವೂ ಸೇರಿಕೊಂಡಿತು. ಟಿಕೆಟ್ ಕೊಂಡ ಕೂಡಲೇ ಗಾಡಿ ಯಾವ ಕಡೆ ಬರುತ್ತದೆಂದು ಕೇಳಿಕೊಳ್ಳಿ. ಶಿಳ್ಳೆ ಕೇಳಿದ ಮೇಲೆ ಕೇಳಿದರೆ ಪ್ರಯೋಜನವಿಲ್ಲ.

ಮದ್ದೂರಿನಲ್ಲಿ ಎಲ್ಲ ಗಾಡಿಗಳೂ ನಿಲ್ಲುವುದಿಲ್ಲ. ನಿಲ್ಲುವ ಗಾಡಿಗಳೂ ಬಹಳ ಹೊತ್ತು ನಿಲ್ಲುವುದಿಲ್ಲ. ಇಳಿಯುವವರು ಇಳಿದು, ವಡೆಯವರು ಹತ್ತಿ, ನೀವು ಪೆಟ್ಟಿಗೆ ಎತ್ತುವಷ್ಟರಲ್ಲಿ ಗಾಡಿ ಅಲ್ಲಾಡುತ್ತದೆ. ಮದ್ದೂರು ವಡೆಯ ಹುಟ್ಟಿಗೂ ರೈಲಿನ ಅವಸರವೇ ಕಾರಣ ಎಂದು ಊರಿನವರು ಹೇಳುತ್ತಾರೆ. ಗಾಡಿ ಬರುವ ವೇಳೆ ಹಿಂದೆ ಮುಂದಾಗಿ, ಅಂಬೊಡೆ ಪಕೋಡ ಕರಿಯಲು ಪುರಸೊತ್ತಿಲ್ಲದೆ, ರವೆ, ಅಕ್ಕಿ ಹಿಟ್ಟು, ಮೈದಾ, ಈರುಳ್ಳಿ ಕಲಸಿ ತಟ್ಟಿ ಕರಿದದ್ದೇ ಈ ವಡೆಯಾಯಿತಂತೆ. ಅವಸರದಲ್ಲಿ ಹುಟ್ಟಿದ ತಿಂಡಿಯಾದರೂ ತಿನ್ನಲು ಅವಸರ ಬೇಡ: ಲಗೇಜು ಎಣಿಸಿ, ಸೀಟಿನ ಕೆಳಗೆ ತಳ್ಳಿ, ಕೂತ ಮೇಲೆ ತಿನ್ನಿ. ಬೆಂಗಳೂರು, ಮೈಸೂರಿನಂಥ ದೊಡ್ಡ ನಿಲ್ದಾಣಗಳಲ್ಲಿ ಕೆಂಪು ಅಂಗಿಯ ಕೂಲಿಗಳು ಸಿಗುತ್ತಾರೆ. ಮದ್ದೂರಿನಲ್ಲಿ ಮಾತ್ರ ಅವರನ್ನು ನಂಬಿಕೊಂಡು ಇಳಿಯಬೇಡಿ.

ಯಾವ ಹೊತ್ತಿನ ಗಾಡಿ ಎಂಬುದೂ ಮುಖ್ಯ. ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್ಸಿನಲ್ಲಿ ಮಂಡ್ಯ, ಮದ್ದೂರು, ಚನ್ನಪಟ್ಟಣದ ಪಾಸಿನವರು ಬೆಂಗಳೂರಿನ ಕೆಲಸಕ್ಕೆ ಹೋಗುತ್ತಾರೆ. ಸಂಜೆ ಅದೇ ಜನ ಅದೇ ಗಾಡಿಯಲ್ಲಿ ಊರಿಗೆ ಮರಳುತ್ತಾರೆ. ವರ್ಷಗಟ್ಟಲೆ ಕೂತ ಜಾಗ, ವರ್ಷಗಟ್ಟಲೆಯ ಸ್ನೇಹ, ಒಬ್ಬರ ಮನೆಯ ಮದುವೆಗೆ ಬೋಗಿಗೆ ಬೋಗಿಯೇ ಹೋಗುವಷ್ಟು ಸಲಿಗೆ. ಅವರ ನಡುವೆ ಟ್ರಂಕು ನುಗ್ಗಿಸಿದರೆ ನಿಮಗೂ ಕಷ್ಟ, ಅವರಿಗೂ ಕಷ್ಟ. ಮಧ್ಯಾಹ್ನದ ಗಾಡಿಗೆ ಹೋಗಿ, ಅದೇ ಜನ ಇಲ್ಲದ ಅದೇ ಸೀಟಿನಲ್ಲಿ ಕಾಲು ಚಾಚಬಹುದು. ಸೋಮವಾರ ಬೆಳಿಗ್ಗೆ ಮತ್ತು ಗೌರಿ ಹಬ್ಬದ ಹಿಂದಿನ ದಿನಗಳ ಮಾತು ಬೇರೆ, ಆಗ ಯಾವ ಉಪಾಯವೂ ನಡೆಯುವುದಿಲ್ಲ.

ತೂಕದ ನಿಯಮ ಗೊತ್ತಿರಲಿ. ರೈಲಿನ ಎರಡನೆಯ ದರ್ಜೆಯಲ್ಲಿ ಒಬ್ಬರಿಗೆ 35 ಕಿಲೋ, ಸ್ಲೀಪರ್‌ನಲ್ಲಿ 40 ಕಿಲೋ ಸಾಮಾನು ಉಚಿತ. ಪೆಟ್ಟಿಗೆಯ ಅಳತೆ ಉದ್ದ 100, ಅಗಲ 60, ಎತ್ತರ 25 ಸೆಂಟಿಮೀಟರ್ ಮೀರಿದರೆ ಅದು ಬೋಗಿಯೊಳಗೆ ಬರುವಂತಿಲ್ಲ. ಲಗೇಜ್ ಕಚೇರಿಯಲ್ಲಿ ಬುಕ್ ಮಾಡಿ ಬ್ರೇಕ್ ವ್ಯಾನಿಗೆ ಹಾಕಿಸಬೇಕು. ಅದಕ್ಕೆ ಗಾಡಿ ಹೊರಡುವ ಅರ್ಧ ಗಂಟೆ ಮೊದಲೇ ಕಚೇರಿಯಲ್ಲಿರಬೇಕು. ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಒಬ್ಬ ಪ್ರಯಾಣಿಕರಿಗೆ 30 ಕಿಲೋವರೆಗೆ ಉಚಿತ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿಗೆ ಹಣವಿಲ್ಲ. ಊರಿನಿಂದ ದಿನವೂ ಹೋಗಿಬಂದು ಓದುವವರು ಇದರಿಂದ ಹೆಚ್ಚಿದ್ದಾರೆ, ಬಸ್ಸಿನ ನೂಕುನುಗ್ಗಲೂ ಹೆಚ್ಚಿದೆ. ಗುರುತಿನ ಚೀಟಿಯನ್ನು ಪೆಟ್ಟಿಗೆಯೊಳಗೆ ಹಾಕಿ ಬೀಗ ಜಡಿದು, ಆಮೇಲೆ ಕಂಡಕ್ಟರ್ ಮುಂದೆ ಬೀಗದ ಕೈ ಹುಡುಕಬೇಡಿ.

ಹೊಸ ಹೆದ್ದಾರಿಯ ಬಗ್ಗೆ ಒಂದು ಮಾತು ಹೇಳಲೇಬೇಕು. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಮದ್ದೂರನ್ನೂ ಮಂಡ್ಯವನ್ನೂ ಬೈಪಾಸಿನಲ್ಲಿ ಸುತ್ತಿ ಹೋಗುತ್ತದೆ. ಮೈಸೂರಿನ ತಡೆರಹಿತ ಬಸ್ಸು ಹತ್ತಿ ‘ಮಂಡ್ಯದಲ್ಲಿ ನಿಲ್ಲಿಸಿ’ ಎಂದರೆ ಊರೊಳಗೆ ಬರುವುದಿಲ್ಲ. ಕತ್ತಲಲ್ಲಿ ಬೈಪಾಸಿನ ಬಳಿ ಇಳಿದು, ಎರಡು ಸೂಟ್‌ಕೇಸು ಹಿಡಿದು, ಊರಿನ ದೀಪ ನೋಡುತ್ತ ನಿಂತವರನ್ನು ನಾನೇ ಕಂಡಿದ್ದೇನೆ. ಹತ್ತುವ ಮೊದಲು ‘ಊರೊಳಗೆ ಹೋಗುತ್ತದೆಯೇ, ಸ್ಟ್ಯಾಂಡಿಗೆ ಬರುತ್ತದೆಯೇ’ ಎಂದು ಎರಡು ಸಲ ಕೇಳಿ. 2023ರ ಆಗಸ್ಟ್ 1ರಿಂದ ಆ ಹೆದ್ದಾರಿಯ ಮುಖ್ಯ ಪಥಕ್ಕೆ ಆಟೋ, ಬೈಕು, ಟ್ರ್ಯಾಕ್ಟರುಗಳನ್ನು ಬಿಡುವುದಿಲ್ಲ. ಮದ್ದೂರಿನಿಂದ ಮಂಡ್ಯಕ್ಕೆ ಆಟೋದಲ್ಲಿ ಸಾಮಾನು ಸಾಗಿಸುವವರು ಸರ್ವಿಸ್ ರಸ್ತೆಯಲ್ಲೇ ಹೋಗಬೇಕು.

ಇನ್ನೊಂದು ನಮ್ಮ ಜಿಲ್ಲೆಗೇ ಹೇಳಿದ್ದು. ಕಾವೇರಿ ನೀರಿನ ಗಲಾಟೆ ಎದ್ದಾಗ ಮೊದಲು ನಿಲ್ಲುವುದು ನಮ್ಮ ರಸ್ತೆ. 1991, 2002, 2012, 2016, 2023 ಎಂದು ಇಸವಿಗಳನ್ನು ಬೆರಳಲ್ಲಿ ಎಣಿಸಬಹುದು. ಮಂಡ್ಯದ ಸಂಜಯ ವೃತ್ತದಲ್ಲಿ ಜನ ಕೂತರೆ ಬಸ್ಸಿಲ್ಲ, ಹಳಿಯ ಮೇಲೆ ಕೂತರೆ ರೈಲೂ ಇಲ್ಲ. ಅವರನ್ನು ದೂರುವ ಹಾಗಿಲ್ಲ, ಕೂತವರಲ್ಲಿ ಅರ್ಧ ಜನ ನಮ್ಮ ನೆಂಟರೇ. ಆಗಸ್ಟ್, ಸೆಪ್ಟೆಂಬರಿನಲ್ಲಿ ಪರೀಕ್ಷೆಗೋ ಕೌನ್ಸೆಲಿಂಗಿಗೋ ಹೋಗುವವರು ಒಂದು ದಿನ ಮುಂಚೆ ಹೊರಡುವುದು ಒಳ್ಳೆಯದು.

ನನ್ನ ಅಕ್ಕನ ಮಗನೊಬ್ಬ ಇಂಗ್ಲೆಂಡಿನಲ್ಲಿ ಓದಲು ಹೋದ. ಅಲ್ಲಿಯ ರೈಲಿನಲ್ಲಿ ಒಬ್ಬರಿಗೆ ಎರಡು ದೊಡ್ಡ ಪೆಟ್ಟಿಗೆ, ಒಂದು ಕೈಚೀಲ ಎಂದು ನಿಯಮವಂತೆ. ಕೂಲಿಯ ಸುಳಿವಿಲ್ಲ, ಪ್ಲಾಟ್‌ಫಾರಂ ಯಾವುದೆಂದು ಕೆಲವು ದೊಡ್ಡ ನಿಲ್ದಾಣಗಳಲ್ಲಿ ಗಾಡಿ ಹೊರಡುವ ಕೆಲವೇ ನಿಮಿಷ ಮೊದಲು ಬೋರ್ಡಿನಲ್ಲಿ ಮೂಡುತ್ತದೆ. ಎಲ್ಲರೂ ಪೆಟ್ಟಿಗೆ ಉರುಳಿಸಿಕೊಂಡು ಓಡುತ್ತಾರೆ. ವಿಮಾನದವರು ಕೊಟ್ಟ 23 ಕಿಲೋವನ್ನು ಉಪ್ಪಿನಕಾಯಿ, ಹುರಿಹಿಟ್ಟು, ಅಚ್ಚುಬೆಲ್ಲದಿಂದ ಪೂರ್ತಿ ತುಂಬಿಸಿಕೊಂಡು ಹೋಗಿದ್ದ ಅವನು, ಸುರಂಗ ರೈಲಿನ ಲಿಫ್ಟಿಲ್ಲದ ನಿಲ್ದಾಣದ ಮೆಟ್ಟಿಲ ಕೆಳಗೆ ನಿಂತು ಅಮ್ಮನಿಗೆ ಫೋನು ಮಾಡಿದ: ‘ಅಮ್ಮಾ, ಮದ್ದೂರಾಗಿದ್ದಿದ್ರೆ ಯಾರಾದ್ರೂ ಒಂದು ಕೈ ಹಿಡಿಯೋರು’ ಅಂತ. ಹೇಳಿ ಮುಗಿಸುವಷ್ಟರಲ್ಲಿ ಯಾರೋ ಅಪರಿಚಿತ ಹೆಂಗಸು ಪೆಟ್ಟಿಗೆಯ ಇನ್ನೊಂದು ತುದಿ ಎತ್ತಿದ್ದರಂತೆ. ಅವನು ಈಗ ಊರಿಗೆ ಬಂದಾಗಲೆಲ್ಲ ತಂಗಿಯರಿಗೆ ಹೇಳುವುದು ಇಷ್ಟೇ: ತುಂಬಿದ ಪೆಟ್ಟಿಗೆಯನ್ನು ಒಬ್ಬರೇ ಎತ್ತಿಕೊಂಡು ಮನೆಯ ಮಹಡಿ ಮೆಟ್ಟಿಲು ಹತ್ತಿ ನೋಡಿ, ಆಗದಿದ್ದರೆ ಅರ್ಧ ತೆಗೆಯಿರಿ.

2023ರಲ್ಲಿ ನನ್ನ ಮಗಳು ಮಂಡ್ಯಕ್ಕೆ ಎಂಜಿನಿಯರಿಂಗ್ ಓದಲು ಹೊರಟಳು. 1962ರಲ್ಲಿ ಕೆ.ವಿ. ಶಂಕರಗೌಡರು ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜು ಸ್ಥಾಪಿಸಿದಂದಿನಿಂದ ಹಳ್ಳಿಯ ಮಕ್ಕಳು ಪೆಟ್ಟಿಗೆ ಹೊತ್ತು ಮಂಡ್ಯಕ್ಕೆ ಇಳಿಯುತ್ತಲೇ ಇದ್ದಾರೆ. ನಾನು ಕಾರು ಮಾಡೋಣವೆಂದೆ. ಅವಳು ಒಪ್ಪಲಿಲ್ಲ. ‘ಮುಂದಿನ ಸಲ ಒಬ್ಬಳೇ ಬರಬೇಕಲ್ಲ, ದಾರಿ ಗೊತ್ತಾಗಲಿ’ ಅಂದಳು. ಮಳವಳ್ಳಿಯಿಂದ ಬೆಳಿಗ್ಗೆ ಬಸ್ಸು ಹತ್ತಿದೆವು. ಅವಳಿಗೂ ಅವಳ ಅಮ್ಮನಿಗೂ ಸೊನ್ನೆಯ ಟಿಕೆಟ್ಟು, ನನಗೊಬ್ಬನಿಗೆ ದುಡ್ಡಿನದು. ಗಾಲಿಯ ಸೂಟ್‌ಕೇಸು ಡ್ರೈವರ್ ಪಕ್ಕದಲ್ಲಿ, ಹಾಸಿಗೆ ನನ್ನ ಕಾಲ ಬಳಿ, ರಾಗಿ ಹಿಟ್ಟಿನ ಡಬ್ಬಿ ಅವಳಮ್ಮನ ಮಡಿಲಲ್ಲಿ. ಮಾರ್ಕ್ಸ್ ಕಾರ್ಡು ಅವಳ ಹೆಗಲ ಚೀಲದಲ್ಲಿತ್ತು. ಕೆ.ಎಂ. ದೊಡ್ಡಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಅಡ್ಡ ನಿಂತಿದ್ದವು, ಎಂದಿನಂತೆ. ನಾನು ಮೂರು ಸಲ ಗಡಿಯಾರ ನೋಡಿದೆ. ಅವಳು ನಿದ್ದೆ ಮಾಡುತ್ತಿದ್ದಳು.

ಮಂಡ್ಯದ ಬಸ್ ನಿಲ್ದಾಣದಲ್ಲಿ ಇಳಿದ ಕೂಡಲೇ ಆಟೋದವರು ಸುತ್ತುವರಿದರು. ‘ಎತ್ತಾಗೆ ಸಾ? ಆಸ್ಟೆಲ್ಲಾ? ಕೊಡಿ ಇತ್ಲಾಗೆ’ ಎಂದು ಒಬ್ಬ ಸೂಟ್‌ಕೇಸಿಗೆ ಕೈ ಹಾಕಿದ. ದರ ಮಾತಾಡದೆ ಸಾಮಾನು ಕೊಡಬಾರದು ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಮಗಳೇ, ‘ತಡೀರಿ ಅಣ್ಣ, ಎಷ್ಟು ತಗೋತೀರಿ ಮೊದಲು ಹೇಳಿ’ ಎಂದಳು. ಹತ್ತು ರೂಪಾಯಿ ಇಳಿಸಿದಳು ಕೂಡ. ಆಮೇಲೆ ಹಿಂತಿರುಗಿ ನೆಲದ ಮೇಲಿದ್ದ ಸಾಮಾನಿನ ಕಡೆ ಬೆರಳು ತೋರಿಸುತ್ತ, ಅಜ್ಜನನ್ನು ಕೇಳಿ ಕಲಿತವಳಂತೆ, ‘ಒಂದು, ಎರಡು, ಮೂರು’ ಎಂದು ಗಟ್ಟಿಯಾಗಿ ಎಣಿಸಿದಳು. ‘ನಾಲ್ಕು’ ಎಂದಳು ಅವಳಮ್ಮ. ಹಾಸಿಗೆ ಬಸ್ಸಿನಲ್ಲೇ ಇತ್ತು. ನಾನು ಓಡಿದೆ. ಬಸ್ಸು ಇನ್ನೂ ಹೊರಟಿರಲಿಲ್ಲ.