ಬಗ್ಗದ ಫೋರ್ಕನ್ನು ಬಿಚ್ಚುವ ಸುಖ

ಅಗ್ಗದ ಮೌಂಟನ್ ಬೈಕಿನ ಫೋರ್ಕ್ ಗುಂಡಿಗೆ ಬಿದ್ದರೂ ಬಗ್ಗದೆ ಅಂಗೈಗೇ ಪೆಟ್ಟು ಕೊಡುತ್ತಿದ್ದರೆ ‘ಕಾಸಿಗೆ ತಕ್ಕ ಕಜ್ಜಾಯ’ ಎಂದು ಸುಮ್ಮನಾಗುವವರೇ ಹೆಚ್ಚು. ನನಗೆ ಈ ಮಾತು ಒಪ್ಪಿಗೆಯಿಲ್ಲ. ಇಂಥ ಫೋರ್ಕುಗಳು ಕೆಟ್ಟಿರುವುದಕ್ಕಿಂತ ಒಣಗಿರುವುದೇ ಹೆಚ್ಚು. ಒಳಗಿರುವುದು ಸ್ಪ್ರಿಂಗು, ಉಕ್ಕಿನ ಕೊಳವೆ ಜಾರಲೆಂದು ಪ್ಲಾಸ್ಟಿಕ್ ಬುಷ್ಷು, ಧೂಳು ತಡೆಯುವ ರಬ್ಬರ್ ಸೀಲು, ಇವುಗಳ ನಡುವೆ ಒಂದಿಷ್ಟು ಗ್ರೀಸು. ಆ ಗ್ರೀಸು ಒಣಗಿತೆಂದರೆ ಕೊಳವೆ ಬುಷ್ಷನ್ನು ಕಚ್ಚಿಕೊಳ್ಳುತ್ತದೆ. ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲನ್ನು ನಿಧಾನ ಒತ್ತಿ ನೋಡಿ: ಮೊದಲು ಜಪ್ಪಯ್ಯ ಎಂದರೂ ಅಲುಗದೆ ಆಮೇಲೆ ತಟ್ಟನೆ ಕುಸಿದರೆ ದೋಷ ತಿಕ್ಕಾಟದ್ದು, ನುಣ್ಣಗೆ ಜಾರಿಯೂ ಸ್ವಲ್ಪವೇ ಇಳಿದರೆ ಸ್ಪ್ರಿಂಗಿನದು. (ಫೋರ್ಕು ಇಳಿಯದಂತೆ ಹಿಡಿಯುವ ಲಾಕೌಟ್ ಹಾಕಿದ್ದರೆ ಮೊದಲು ಅದನ್ನು ತೆಗೆಯಿರಿ.)

ಬಿಚ್ಚಿದರೆ ಅನುಮಾನಕ್ಕೆ ಜಾಗವೇ ಉಳಿಯದು. ಚಕ್ರ, ಬ್ರೇಕ್ ಕಳಚಿ, ಕಾಲುಗಳ ತಳದ ಬೋಲ್ಟುಗಳನ್ನು ನಾಲ್ಕು ಸುತ್ತು ಸಡಿಲಿಸಿ, ಅವುಗಳ ತಲೆಗೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ಬಡಿಯಬೇಕು. ಒಳಗಿನ ಕಡ್ಡಿ ಸಡಿಲಗೊಂಡ ಮೇಲೆ ಬೋಲ್ಟು ತೆಗೆದು ಎಳೆದರೆ ಕೆಳಭಾಗ ಕೈಗೆ ಬರುತ್ತದೆ. ಕೊಳವೆಯ ಮೇಲೆ ಮೇಣದಂತೆ ಗಟ್ಟಿಯಾದ ಕಂದು ಪದರ, ಸೀಲಿನ ತುಟಿಯಲ್ಲಿ ಸಣ್ಣ ಮರಳು ಕಾಣುತ್ತದೆ. ಸ್ಪ್ರಿಂಗನ್ನು ಹೊರಗಿಟ್ಟು ಕೆಳಭಾಗವನ್ನು ಮತ್ತೆ ತೊಡಿಸಿ ಜಾರಿಸಿ. ಈಗಲೂ ಬಿಗಿಯಾಗಿದ್ದರೆ ಅದು ತಿಕ್ಕಾಟವೇ. ಎಲ್ಲವನ್ನೂ ಒರೆಸಿ, ಬುಷ್ಷಿಗೂ ಸೀಲಿನ ಒಳಬದಿಗೂ ರಬ್ಬರಿಗೆ ಹಾನಿ ಮಾಡದ ಸಿಲಿಕೋನ್ ಗ್ರೀಸ್ ಧಾರಾಳವಾಗಿ ಹಚ್ಚಿದಾಗ ಕೊಳವೆ ಬೆರಳಿನ ಒತ್ತಡಕ್ಕೇ ಜಾರತೊಡಗುತ್ತದೆ. ಕೆಲಸ ಕೈಗೆ ಹತ್ತಿತೆಂದು ತಿಳಿಯುವ ಆ ಕ್ಷಣ ನನಗೆ ಸವಾರಿಯಷ್ಟೇ ಪ್ರಿಯ.

ಇಷ್ಟೆಲ್ಲ ಏಕೆ, ಹೊರಗಿನಿಂದ ಸ್ಪ್ರೇ ಹೊಡೆದರೆ ಸಾಲದೇ ಎನ್ನುವವರಿದ್ದಾರೆ. ತೆಳು ಎಣ್ಣೆ ಉಳಿದ ಗ್ರೀಸನ್ನೂ ತೊಳೆದು, ಮರಳನ್ನು ಒಳಕ್ಕೆ ಒಯ್ಯುತ್ತದೆ. ಎರಡು ದಿನದ ಆರಾಮಕ್ಕೆ ಬುಷ್ಷು ಸವೆಯುತ್ತದೆ. ಮೇಲಿನ ಪ್ರೀಲೋಡ್ ತಿರುಪನ್ನು ತಿರುಗಿಸಿದರೂ ಸ್ಪ್ರಿಂಗಿನ ಗಡಸುತನ ಬದಲಾಗದು, ಆರಂಭದ ಬಿಗಿತವಷ್ಟೇ ಬದಲಾಗುತ್ತದೆ. ಆದರೆ ‘ಸ್ಪ್ರಿಂಗೇ ಗಡಸು’ ಎಂಬ ಆಕ್ಷೇಪದಲ್ಲಿ ಹುರುಳಿದೆ. 50 ಕೆ.ಜಿ.ಯವರಿಗೂ 90 ಕೆ.ಜಿ.ಯವರಿಗೂ ಅದೇ ಸ್ಪ್ರಿಂಗ್ ಹಾಕಿ ಮಾರಿದರೆ ಹಗುರ ಸವಾರರಿಗೆ ಅನ್ಯಾಯವೇ. 100 ಮಿ.ಮೀ. ಚಲನೆಯ ಫೋರ್ಕು ಸವಾರ ಕೂತಾಗ 20ರಿಂದ 25 ಮಿ.ಮೀ. ಇಳಿಯಬೇಕು, ಕೊಳವೆಗೆ ಕಟ್ಟಿದ ಪ್ಲಾಸ್ಟಿಕ್ ಟೈ ಇದನ್ನು ತೋರಿಸುತ್ತದೆ. ಗ್ರೀಸ್ ಹಚ್ಚಿದ ಮೇಲೂ ಇಳಿಯದಿದ್ದರೆ ಆ ಮಾದರಿಗೆ ಮೆತ್ತನೆಯ ಸ್ಪ್ರಿಂಗ್ ಸಿಗುತ್ತದೆಯೇ ಎಂದು ಹುಡುಕಬೇಕು. ಕೊಳವೆಗೆ ತುಕ್ಕು ಹಿಡಿದು ಗುಳಿಬಿದ್ದಿದ್ದರೆ ಮಾತ್ರ ಯಾವ ಗ್ರೀಸೂ ಉಪಯೋಗಕ್ಕಿಲ್ಲ; ಆಗ ಸಸ್ಪೆನ್ಷನ್ ಇಲ್ಲದ, ಹಗುರವಾದ ಗಟ್ಟಿ ಫೋರ್ಕು ಹಾಕಿಸಿ ಅಗಲ ಟೈರಿಗೆ ಗಾಳಿ ಸ್ವಲ್ಪ ಕಡಿಮೆ ಇಟ್ಟುಕೊಳ್ಳುವುದೇ ಲೇಸು.