ಬಾಗಿಲಲ್ಲಿ ನಿಂತ ಯಜಮಾನ

ಸ್ವಂತ ಮನೆಯ ಬಾಗಿಲಲ್ಲಿ ನಿಂತು, "ತಾವು ಯಾರು?" ಎಂದು ಕೇಳಿಸಿಕೊಳ್ಳುವ ಯೋಗ ಎಲ್ಲರಿಗೂ ಬರುವುದಿಲ್ಲ. ನನಗೆ ಅದು ಕಳೆದ ತಿಂಗಳು ಬಂದಿತು.

ನಮ್ಮ ಹಳೆಯ ಕಂಪ್ಯೂಟರಿಗೆ ಒಂಬತ್ತು ವರ್ಷ ತುಂಬಿತ್ತು. ಬೆಳಿಗ್ಗೆ ಅದರ ಗುಂಡಿ ಒತ್ತಿ, ಕಾಫಿ ಕುಡಿದು, ಪತ್ರಿಕೆಯ ಮೊದಲ ಪುಟ ಮುಗಿಸಿ ಬಂದರೂ ಅದಿನ್ನೂ ಕಣ್ಣುಜ್ಜಿಕೊಳ್ಳುತ್ತಲೇ ಇರುತ್ತಿತ್ತು. ಕಡೆಗೆ ಮಗಳು ಹಟಹಿಡಿದು ಹೊಸದೊಂದನ್ನು ಕೊಡಿಸಿದಳು. ಹಳೆಯದರಲ್ಲಿರುವುದನ್ನೆಲ್ಲ ಅಳಿಸಿ, ನಮ್ಮ ಮನೆಗೆಲಸದಾಕೆಯ ಮಗಳ ಓದಿಗೆ ಕೊಡುವುದೆಂದು ತೀರ್ಮಾನವಾಯಿತು. ಅಳಿಸುವ ಕೆಲಸ ನನ್ನ ಪಾಲಿನದು. ಎಂದಿನಂತೆ ಅದನ್ನು ನಾಳೆಗೆ ಮುಂದೂಡಿದೆ. ಸೋಮಾರಿತನವೂ ಒಮ್ಮೊಮ್ಮೆ ಮನುಷ್ಯನನ್ನು ಕಾಪಾಡುತ್ತದೆ.

ಹೊಸ ಯಂತ್ರದಲ್ಲಿ ಥಂಡರ್‌ಬರ್ಡ್ ಎಂಬ ಅಂಚೆಯ ತಂತ್ರಾಂಶವನ್ನು ತೆರೆದು ನನ್ನ ವಿಳಾಸವನ್ನು ಬರೆದೆ. ಪುಟ್ಟದೊಂದು ಚೌಕ ಎದ್ದು ನಿಂತು ಪಾಸ್‌ವರ್ಡ್ ಕೇಳಿತು. ನೆನಪಿಗೆ ಬಂದುದನ್ನು ಬರೆದೆ. ಚೌಕ ಮಾಯವಾಗಿ ಮತ್ತೆ ಬಂದಿತು. ಬೇರೊಂದನ್ನು ಬರೆದೆ; ಮತ್ತೆ ಬಂದಿತು. ಒಂಬತ್ತು ವರ್ಷ ಒಂದು ದಿನವೂ ಕೇಳದಿದ್ದ ಪ್ರಶ್ನೆ! ಗಾಬರಿಯಾಗಿ ಮಗಳಿಗೆ ಫೋನ್ ಮಾಡಿದೆ.

"ಅಪ್ಪಾ, ಇನ್ನೊಂದು ಸಲವೂ ಒತ್ತಬೇಡಿ. ತಪ್ಪು ಹೆಚ್ಚಾದರೆ ಬಾಗಿಲನ್ನೇ ಮುಚ್ಚಿಬಿಡುತ್ತಾರೆ" ಎಂದಳು. ಬ್ರೌಸರಿನಲ್ಲಿ ಅಂಚೆಯ ಪುಟವನ್ನು ತೆರೆದು, 'ಮರೆತಿರಾ?' ಎಂಬಲ್ಲಿ ಒತ್ತಲು ಹೇಳಿದಳು. ಒತ್ತಿದೆ. ಗುಪ್ತ ಸಂಖ್ಯೆಯನ್ನು ನನ್ನ ಮೊಬೈಲಿಗೆ ಕಳುಹಿಸಿರುವುದಾಗಿ ಉತ್ತರ ಬಂದಿತು. ಆದರೆ ಅವರ ಬಳಿ ಇದ್ದದ್ದು ನಾನು ನಾಲ್ಕು ವರ್ಷಗಳ ಹಿಂದೆ ಬಿಟ್ಟುಬಿಟ್ಟ ಮೊಬೈಲ್ ಸಂಖ್ಯೆ.

ಆಗ ನನ್ನ ಎದೆ ಝಲ್ಲೆಂದಿತು. ಆ ಪೆಟ್ಟಿಗೆಯಲ್ಲಿ ವಿದ್ಯುತ್ ಬಿಲ್ಲು, ಬ್ಯಾಂಕಿನ ನೋಟೀಸು ಮಾತ್ರವೇ ಇದ್ದಿದ್ದರೆ ಚಿಂತೆಯಿರಲಿಲ್ಲ. ಧಾರವಾಡದಿಂದ ಅಣ್ಣ ಭಾನುವಾರಕ್ಕೊಂದರಂತೆ ಬರೆದ ಪತ್ರಗಳು ಅದರಲ್ಲಿದ್ದವು. ಅಲ್ಲಿಯ ಮಳೆ, ಮೊಣಕಾಲಿನ ನೋವು, ಅಮ್ಮನ ಕೈಯ ಸಾರಿಗೂ ಅತ್ತಿಗೆಯ ಸಾರಿಗೂ ಇರುವ ಅಂತರ, ಇವೇ ಅದರ ವಿಷಯಗಳು. ಅಣ್ಣ ತೀರಿಕೊಂಡು ಮೂರು ವರ್ಷವಾಯಿತು. ಆ ಪತ್ರಗಳ ಮೇಲೆ ಯಾರೋ ಬೀಗ ಹಾಕಿದ್ದಾರೆ, ಆ ಯಾರೋ ನಾನೇ!

ಸ್ವಲ್ಪ ಹೊತ್ತು ಸುಮ್ಮನಿದ್ದು ಮಗಳು, "ಹಳೆಯದನ್ನು ಅಳಿಸಿಬಿಟ್ಟಿರಾ?" ಎಂದು ಕೇಳಿದಳು. ಇಲ್ಲವೆಂದೆ. "ಸದ್ಯ, ಬದುಕಿದಿರಿ!" ಎಂದಳು.

ಹಳೆಯ ಯಂತ್ರದ ಥಂಡರ್‌ಬರ್ಡಿನಲ್ಲಿ ಸೆಟ್ಟಿಂಗ್ಸ್ ತೆರೆದು, ಖಾಸಗಿತನ ಮತ್ತು ಭದ್ರತೆಯ ವಿಭಾಗಕ್ಕೆ ಹೋದರೆ, ಉಳಿಸಿಟ್ಟ ಪಾಸ್‌ವರ್ಡುಗಳ ಪಟ್ಟಿಯೇ ಇದೆ. ತೋರಿಸೆಂದರೆ ತೋರಿಸುತ್ತದೆ. ಅಳಿಸದೆ ಕೊಟ್ಟಿದ್ದರೆ ಅದನ್ನು ಯಾರು ಬೇಕಾದರೂ ಓದಬಹುದಾಗಿತ್ತೆಂಬುದು ಆಗ ಹೊಳೆಯಿತು. ಪಟ್ಟಿಯಲ್ಲಿ ಕಂಡದ್ದು ನಮ್ಮ ತಂದೆ ಮೇಷ್ಟರಾಗಿದ್ದ ಹಳ್ಳಿಯ ಹೆಸರು, ಅದರ ಮುಂದೆ ಅಣ್ಣ ಹುಟ್ಟಿದ ಇಸವಿ. ಈಗ ಬದಲಾಯಿಸಿದ್ದೇನೆ, ಆದ್ದರಿಂದ ಹೇಳಲು ಅಡ್ಡಿಯಿಲ್ಲ. ಎಂದೂ ಮರೆಯಲಾರೆನೆಂದೇ ಅದನ್ನು ಆರಿಸಿದ್ದೆ. ನನಗಾಗಿ ನೆನಪಿಡುವ ಭಾರವನ್ನು ಯಂತ್ರ ಹೊತ್ತುಕೊಂಡಿತು. ನಾನು ನಿಶ್ಚಿಂತೆಯಿಂದ ಮರೆತೆ.

ಅಂಚೆ ತೆರೆಯಿತು. ಮರುದಿನ ಸ್ನೇಹಿತರೊಬ್ಬರಿಗೆ ಉತ್ತರ ಕಳುಹಿಸಹೋದರೆ, ಚೌಕ ಮತ್ತೆ ಹಾಜರು! "ಅಪ್ಪಾ, ಬರುವ ಅಂಚೆಗೊಂದು ಬಾಗಿಲು, ಹೋಗುವ ಅಂಚೆಗೊಂದು ಬಾಗಿಲು. ಎರಡಕ್ಕೂ ಬೀಗವುಂಟು" ಎಂದು ಮಗಳು ನಕ್ಕಳು. ಅಲ್ಲಿಯೂ ಅದನ್ನೇ ಬರೆದು, ನೆನಪಿಡೆಂಬ ಗುರುತು ಹಾಕಿದ ಮೇಲೆ ಕಾಟ ತಪ್ಪಿತು.

ಇನ್ನು ಕೆಲವರಿಗೆ ಪಾಸ್‌ವರ್ಡ್ ಸರಿಯಿದ್ದರೂ ಚೌಕ ಮರಳಿ ಬರುವುದುಂಟು. ಬರಿಯ ಪಾಸ್‌ವರ್ಡನ್ನು ನಂಬಿ ಇಂಥ ತಂತ್ರಾಂಶಗಳನ್ನು ಒಳಬಿಡುವ ಪದ್ಧತಿಯನ್ನು ವೈಯಕ್ತಿಕ ಖಾತೆಗಳ ಮಟ್ಟಿಗೆ ಗೂಗಲ್ 2022ರಲ್ಲಿಯೂ, ಮೈಕ್ರೋಸಾಫ್ಟ್ 2024ರಲ್ಲಿಯೂ ನಿಲ್ಲಿಸಿದವು. ಅಂಥವರು ಥಂಡರ್‌ಬರ್ಡಿನ ಖಾತೆಯ ವಿವರದಲ್ಲಿ ದೃಢೀಕರಣದ ವಿಧಾನವನ್ನು 'ಓಆತ್2' ಎಂದು ಬದಲಿಸಬೇಕು, ಎರಡು ಬಾಗಿಲಿಗೂ. ಆಗ ಆ ಸಂಸ್ಥೆಯದೇ ಪುಟ ತೆರೆದುಕೊಂಡು ಅನುಮತಿ ಕೇಳುತ್ತದೆ.

1960ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿಯಲ್ಲಿ, ಅನೇಕರು ಹಂಚಿಕೊಳ್ಳುತ್ತಿದ್ದ ಒಂದೇ ಕಂಪ್ಯೂಟರಿಗೆ ಪಾಸ್‌ವರ್ಡಿನ ಪದ್ಧತಿಯನ್ನು ತಂದವರು ಫರ್ನಾಂಡೊ ಕೊರ್ಬಾಟೊ. ಇದೊಂದು ದುಃಸ್ವಪ್ನವಾಗಿ ಬೆಳೆದಿದೆಯೆಂದೂ, ತಾವೂ ಚೀಟಿಯಲ್ಲಿ ಬರೆದಿಟ್ಟುಕೊಂಡವರೆಂದೂ ಅವರೇ 2014ರಲ್ಲಿ ಒಪ್ಪಿಕೊಂಡಿದ್ದರಂತೆ. ಕೇಳಿ ನನಗೆ ಎಷ್ಟೋ ಸಮಾಧಾನವಾಯಿತು.

ಅಂದಿನ ರಾತ್ರಿ ಅಣ್ಣನ ಪತ್ರಗಳನ್ನು ಓದುತ್ತ ಕುಳಿತೆ. ಮರುದಿನ ಹೊಸ ಮೊಬೈಲ್ ಸಂಖ್ಯೆಯನ್ನು ಖಾತೆಗೆ ಸೇರಿಸಿ, ಹೊಸ ಪಾಸ್‌ವರ್ಡನ್ನು ನೋಟ್ ಪುಸ್ತಕದಲ್ಲಿ ಬರೆದು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಆಮೇಲೆಯೇ ಹಳೆಯ ಯಂತ್ರವನ್ನು ಅಳಿಸಿದ್ದು. ಎಲ್ಲವನ್ನೂ ನೋಡುತ್ತಿದ್ದ ನನ್ನಾಕೆ ಒಂದೇ ಮಾತು ಹೇಳಿದಳು:

"ಬೀರುವಿನ ಬೀಗದ ಕೈ ಎಲ್ಲಿಟ್ಟಿರೆಂದು ಮಾತ್ರ ನನಗೆ ಹೇಳಿಬಿಡಿ."