ವಲ್ಲಿಯ ಮರೆಯ ವ್ಯಾಪಾರ

ಸಂಕ್ರಾಂತಿ ಕಳೆದು ಕಣದ ಕೆಲಸ ಮುಗಿಯುತ್ತಿದ್ದಂತೆ ಮಂಡ್ಯ ಜಿಲ್ಲೆಯ ರೈತನ ಮನಸ್ಸು ಜಾತ್ರೆಗಳ ಕಡೆಗೆ ಹರಿಯುತ್ತದೆ. ಬತ್ತ ಮನೆ ಸೇರಿದೆ. ಕಬ್ಬಿನ ಹಣ ಒಂದಿಷ್ಟು ಕೈಗೆ ಬಂದಿದೆ. ಯುಗಾದಿಯ ಹೊನ್ನಾರಿಗೆ ಇನ್ನೂ ಕಾಲಾವಕಾಶವುಂಟು. ಈ ಬಿಡುವಿನಲ್ಲಿಯೇ ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿ, ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟ, ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಗಳಲ್ಲಿ ದನಗಳ ಜಾತ್ರೆ ನೆರೆಯುತ್ತದೆ. ಎತ್ತು ಕೊಳ್ಳಲು ಹೊರಟ ತಂದೆ ಬೆಳೆದ ಮಗನನ್ನು ಜೊತೆಗೆ ಕರೆದೊಯ್ಯುವುದು ಈ ಸೀಮೆಯ ರೂಢಿ. ಕಡಮೆ ಬೆಲೆಗೆ ಒಳ್ಳೆಯ ಜೋಡಿ ದೊರಕಬೇಕೆಂಬುದು ಇಬ್ಬರ ಆಸೆ. ಇದರೊಡನೆ ತಂದೆಗೆ ಇನ್ನೂ ಒಂದು ಆಸೆ ಇರುತ್ತದೆ. ಅದನ್ನು ಅವನು ಬಾಯಿಬಿಟ್ಟು ಹೇಳುವುದಿಲ್ಲ.

ಶ್ರೀರಂಗಪಟ್ಟಣದ ಬಳಿಯ ಹಳ್ಳಿಯೊಂದರಿಂದ ಇಂಥ ತಂದೆ-ಮಗ ಹೊರಟರೆನ್ನಿ. ಅವರು ಹೊರಟ ನೆಲಕ್ಕೆ ಎತ್ತಿನ ಚರಿತ್ರೆಯೇ ಒಂದುಂಟು. ಈ ಪಟ್ಟಣದಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಅರಮನೆಯ ದನಗಳಿಗಾಗಿ ‘ಬೆಣ್ಣೆ ಚಾವಡಿ’ಯನ್ನು ಏರ್ಪಡಿಸಿದರು. ಟಿಪ್ಪು ಸುಲ್ತಾನನು ಅದನ್ನು ‘ಅಮೃತಮಹಲ್’ ಎಂದು ಕರೆದನು. ಹೈದರಾಲಿಯ ಸೈನ್ಯ ಎರಡೂವರೆ ದಿನಗಳಲ್ಲಿ ನೂರು ಮೈಲಿ ನಡೆದು ಚಿದಂಬರದ ನೆರವಿಗೆ ಧಾವಿಸಿದ್ದು ಈ ಎತ್ತುಗಳ ಬಲದಿಂದಲೇ ಎಂದು ಹಳೆಯ ಗೆಜೆಟಿಯರು ಬರೆದಿದೆ. 1799ರಲ್ಲಿ ಕೋಟೆ ಬಿದ್ದಾಗ ಆ ಹಿಂಡು ಇಂಗ್ಲಿಷರ ಪಾಲಾಯಿತು. ಅಮೃತಮಹಲ್ ತಳಿಗೆ ಮೂಲವಾದ ಹಳ್ಳಿಕಾರ್ ರಾಸು ಮಾತ್ರ ರೈತನ ಕೊಟ್ಟಿಗೆಯಲ್ಲಿಯೇ ಉಳಿದುಕೊಂಡಿತು. ಬೂದು ಮೈ, ನೀಳವಾದ ಮುಖ, ಬುಡದಲ್ಲಿ ಒತ್ತಾಗಿ ಹುಟ್ಟಿ ಹಿಂದಕ್ಕೆ ಬಾಗಿ ಮೇಲೇಳುವ ಉದ್ದನೆಯ ಕೋಡು ಇದರ ಗುರುತು. 2000ದಲ್ಲಿ ಭಾರತದ ಅಂಚೆ ಚೀಟಿಯ ಮೇಲೂ ಇದರ ಚಿತ್ರ ಅಚ್ಚಾಯಿತು.

ರಥಸಪ್ತಮಿಯ ಆಸುಪಾಸಿನಲ್ಲಿ ಹೇಮಗಿರಿ. ಒಂದು ಕಡೆ ಹೇಮಾವತಿಯ ಹರಿವು, ಇನ್ನೊಂದು ಕಡೆ ಕಲ್ಯಾಣ ವೆಂಕಟರಮಣಸ್ವಾಮಿಯ ಬೆಟ್ಟ. ನಡುವಣ ಬಯಲಿನಲ್ಲಿ ಸಾಲುಸಾಲಾಗಿ ಕಟ್ಟಿದ ರಾಸುಗಳು. ಸಿರಿವಂತರ ಜೋಡಿಗಳಿಗೆ ಶಾಮಿಯಾನ, ಹೂವಿನ ಹಾರ, ಮೈಗೆ ಹೊದಿಕೆ. ಬಡವನ ಎತ್ತಿಗೆ ಆಕಾಶವೇ ಚಪ್ಪರ. ಮಗನ ಕಣ್ಣು ಮೊದಲು ಓಡುವುದು ಶಾಮಿಯಾನದ ಕಡೆಗೆ. ಅಲ್ಲಿಯ ಬೆಲೆ ಲಕ್ಷಗಳಲ್ಲಿ. ತಂದೆ ಮಾತಾಡದೆ ಬಯಲಿನ ಅಂಚಿಗೆ ನಡೆಯುತ್ತಾನೆ.

“ಹಲ್ಲು ನೋಡಿದ್ಯೇನ್ಲಾ?”

“ನೋಡ್ದೆ ಕಣಪ್ಪ. ನಾಕು ಹಲ್ಲು.”

“ಸರಿ. ಈಗ ನಡ್ಸಿ ನೋಡು.”

ಎತ್ತಿನ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲ. ಕೆಳಗಿನ ಎಂಟು ಹಲ್ಲುಗಳೇ ಅದರ ಜಾತಕ. ಹಾಲುಹಲ್ಲು ಬಿದ್ದು ಎರಡು, ನಾಲ್ಕು, ಆರು ಎಂದು ಹೊಸ ಹಲ್ಲು ಮೂಡಿ ಎಂಟೂ ತುಂಬಿದರೆ ಬಾಯಿಗೂಡಿತೆಂದು ಲೆಕ್ಕ. ಆದರೆ ಹಲ್ಲು ತಿಳಿಸುವುದು ವಯಸ್ಸನ್ನು, ಗುಣವನ್ನಲ್ಲ. ಗೊರಸು ಬಿಗಿಯಾಗಿದೆಯೆ, ಹೆಗಲಿನಲ್ಲಿ ನೊಗದ ಹಳೆಯ ಗಾಯವಿದೆಯೆ, ಮುಂಗಾಲಿನ ಹೆಜ್ಜೆಯನ್ನು ಹಿಂಗಾಲು ದಾಟಿ ಬೀಳುತ್ತದೆಯೆ, ಸುಳಿ ನೆಟ್ಟಗಿದೆಯೆ, ಜೋಡಿಯಲ್ಲಿ ಒಂದು ಮುಂದಾಗಿ ಇನ್ನೊಂದು ಹಿಂಜರಿಯುತ್ತದೆಯೆ—ಇದನ್ನೆಲ್ಲ ಕಣ್ಣಿನಿಂದಲೇ ಕಲಿಯಬೇಕು. ಹೇಮಗಿರಿಯಲ್ಲಿ ಅವರು ಕೊಳ್ಳುವುದಿಲ್ಲ. ಆ ವರ್ಷದ ಪೇಟೆಯ ಧಾರಣೆ ತಿಳಿದು ಹಿಂದಿರುಗುತ್ತಾರೆ.

ಮುಂದಿನ ಸರದಿ ಬೇಬಿ ಬೆಟ್ಟದ್ದು. ಶಿವರಾತ್ರಿಯ ದಿನಗಳ ಜಾತ್ರೆ. ದಾರಿಯಲ್ಲಿ ಸಿಕ್ಕುವ ಪಾಂಡವಪುರಕ್ಕೆ ಹಿಂದೆ ಹಿರೋಡೆಯೆಂದು ಹೆಸರಿತ್ತು. ಹೈದರ್-ಟಿಪ್ಪುವಿನ ಕಡೆಯ ಫ್ರೆಂಚ್ ಪಡೆ ಬಂಡೆಗಳ ಬಳಿ ಬೀಡುಬಿಟ್ಟಿದ್ದುದರಿಂದ ಇಂಗ್ಲಿಷರು ಅದನ್ನು ಫ್ರೆಂಚ್ ರಾಕ್ಸ್ ಎಂದರು. ಈ ಜಾತ್ರೆಯಲ್ಲಿ ಒಂದು ಜೋಡಿ ತಂದೆ-ಮಗ ಇಬ್ಬರಿಗೂ ಒಪ್ಪಿಗೆಯಾಗುತ್ತದೆ. ದಳ್ಳಾಳಿ ಬಂದು ನಿಲ್ಲುತ್ತಾನೆ. ಹೆಗಲ ಮೇಲಿನ ವಲ್ಲಿ ಕೈಗಳ ಮೇಲೆ ಇಳಿಯುತ್ತದೆ.

ವಲ್ಲಿಯ ಕೆಳಗೆ ಮಾತಿಲ್ಲ, ಬೆರಳುಗಳದೇ ಭಾಷೆ. ಒಂದು ಬೆರಳನ್ನು ಹಿಡಿದರೆ ಒಂದು, ಎರಡನ್ನು ಹಿಡಿದರೆ ಎರಡು. ಅದು ಸಾವಿರವೊ ಹತ್ತು ಸಾವಿರವೊ ಎಂಬುದು ಮೊದಲೇ ಗೊತ್ತು. ಸುತ್ತ ನೆರೆದ ಹತ್ತು ಮಂದಿಗೆ ಮುಖ ಕಾಣುತ್ತದೆ, ಬೆಲೆ ಕಾಣದು. ಮಾರುವವನ ಮಾನವೂ ಕೊಳ್ಳುವವನ ಬಡತನವೂ ಒಂದೇ ಬಟ್ಟೆಯ ಮರೆಯಲ್ಲಿ ಉಳಿಯುತ್ತವೆ. ಇದುವರೆಗೆ ಆ ಬಟ್ಟೆಯ ಕೆಳಗೆ ಇರುತ್ತಿದ್ದುದು ತಂದೆಯ ಕೈ. ಈ ಸಲ ಅವನು ಹಿಂದೆ ಸರಿದು, “ನೀನು ಕೈ ಕೊಡ್ಲಾ ಮಗ,” ಎನ್ನುತ್ತಾನೆ.

ಮನೆಯ ಒಂದು ವರ್ಷದ ಕಬ್ಬಿನ ಹಣ ಈಗ ಆ ಐದು ಬೆರಳುಗಳಲ್ಲಿದೆ. ಬೆಲೆ ಐದು ಸಾವಿರದ ಅಂತರಕ್ಕೆ ಬಂದು ನಿಲ್ಲುತ್ತದೆ. ಮಗ ಕೈ ಎಳೆದುಕೊಳ್ಳುತ್ತಾನೆ. ತಂದೆಯಾದರೆ ಆ ಬೆಲೆಗೆ ಒಪ್ಪುತ್ತಿದ್ದನೇನೊ; ಆದರೂ ಅವನು ತುಟಿ ಬಿಚ್ಚುವುದಿಲ್ಲ. ಮಧ್ಯಾಹ್ನದೊಳಗೆ ಅದೇ ಜೋಡಿಗೆ ಬೇರೊಬ್ಬ ಸಂಚಕಾರ ಕೊಟ್ಟದ್ದನ್ನು ಇಬ್ಬರೂ ನಿಂತು ನೋಡುತ್ತಾರೆ.

ಉಳಿದದ್ದು ಫಾಲ್ಗುಣದ ಚುಂಚನಗಿರಿ. ಕಾಲಭೈರವೇಶ್ವರನ ಸನ್ನಿಧಿಯ ಈ ಜಾತ್ರೆ ತಪ್ಪಿದರೆ ಹೊನ್ನಾರಿನ ದಿನ ನೆರೆಯವನ ಎತ್ತಿಗೆ ಕೈಯೊಡ್ಡಬೇಕು. ಕಾಯುವುದರಲ್ಲಿ ಲಾಭವೂ ಉಂಟು, ಅಪಾಯವೂ ಉಂಟು. ಜಾತ್ರೆಯ ಕೊನೆಯ ದಿನಗಳಲ್ಲಿ ಮಾರುವವನ ಮೇವು ಮುಗಿದಿರುತ್ತದೆ, ರಾಸನ್ನು ಊರಿಗೆ ಮರಳಿ ಒಯ್ಯುವ ಖರ್ಚು ಕಣ್ಣ ಮುಂದಿರುತ್ತದೆ; ಬೆಲೆ ಇಳಿಯುತ್ತದೆ. ಆದರೆ ಅಷ್ಟರಲ್ಲಿ ಒಳ್ಳೆಯವು ಹೊರಟುಹೋಗಿರುತ್ತವೆ. ಮಗ ಈಗ ಅಲಂಕಾರವನ್ನು ನೋಡುವುದಿಲ್ಲ. ಆರು ಹಲ್ಲಿನ, ಕೋಡು ಸ್ವಲ್ಪ ಏರುಪೇರಾದ, ಉಳುಮೆಗೂ ಗಾಡಿಗೂ ಪಳಗಿದ ಒಂದು ಜೋಡಿಯನ್ನು ನಡೆಸಿ ನೋಡುತ್ತಾನೆ. ನೊಗ ಹೂಡಿಸಿ ಮತ್ತೆ ನಡೆಸುತ್ತಾನೆ. ವಲ್ಲಿ ಇಳಿಯುತ್ತದೆ, ಬೆಲೆ ಕುದುರುತ್ತದೆ. ತಂದೆ ಹಗ್ಗಕ್ಕೆ ಕೈ ನೀಡುತ್ತಾನೆ. ಅವನ ಒಪ್ಪಿಗೆ ಅಷ್ಟೇ. ಹೊಸ ಮೂಗುದಾರವೂ ಗಂಟೆಯೂ ಅಲ್ಲಿಯ ಅಂಗಡಿಸಾಲಿನಲ್ಲಿಯೇ ಆಗುತ್ತವೆ. ಹಿತ್ತಾಳೆ-ಕಂಚಿನ ಕೆಲಸಕ್ಕೆ ಬಹುಕಾಲದಿಂದ ಹೆಸರಾದ ನಾಗಮಂಗಲದ ಹಾದಿಯಲ್ಲಿ ಗಂಟೆಯಿಲ್ಲದ ಎತ್ತನ್ನು ಹೊಡೆದುಕೊಂಡು ಹೋದಾರೆಯೆ?

ಹಿಂದೆ ರಾತ್ರಿಯ ತಂಪಿನಲ್ಲಿ ರಾಸುಗಳನ್ನು ನಡೆಸಿಕೊಂಡು ಊರು ಸೇರುತ್ತಿದ್ದರು. ಈಗ ಟೆಂಪೋಗಳು ಬಂದಿವೆ. ಗದ್ದೆಗೆ ಟಿಲ್ಲರ್ ಇಳಿದಿದೆ, ಕಬ್ಬನ್ನು ಟ್ರ್ಯಾಕ್ಟರ್ ಎಳೆಯುತ್ತದೆ. 2020ರ ನಂತರ ಕೊರೋನಾ, 2022ರಲ್ಲಿ ಚರ್ಮಗಂಟು ರೋಗ ಬಂದು ದನಗಳ ಜಾತ್ರೆಗಳಿಗೆ ತಡೆ ಬಿದ್ದದ್ದೂ ಉಂಟು. ಎತ್ತು ಕಟ್ಟುವ ಮನೆಗಳು ಕಡಮೆಯಾಗುತ್ತಿವೆ. ಯಂತ್ರದ ಬೆಲೆ ಚೀಟಿಯಲ್ಲಿ ಅಚ್ಚಾಗಿರುತ್ತದೆ. ಅದನ್ನು ಕೊಳ್ಳಲು ತಂದೆಯ ಕಣ್ಣು ಬೇಕಿಲ್ಲ. ಆ ಕಣ್ಣು ಮಗನಿಗೆ ಬರಲೆಂಬುದೇ ಮೂರು ಜಾತ್ರೆಗಳ ತಿರುಗಾಟದಲ್ಲಿ ಅವನು ಹೇಳದೆ ಇಟ್ಟುಕೊಂಡಿದ್ದ ಆಸೆ. ಅದು ಕೈಗೂಡಿತೆಂದರೆ ಬರುವ ವರ್ಷ ಹೇಮಗಿರಿಯ ಬಯಲಿನಲ್ಲಿ ಮರದ ನೆರಳಿಗೆ ಕುಳಿತು ಬುತ್ತಿಯ ಗಂಟು ಕಾಯುವ ಕೆಲಸ ತಂದೆಯದಾಗುತ್ತದೆ. ಅದಕ್ಕಾಗಿ ಅವನು ಬೇಸರಪಡಲಾರನು.